ನಾಲ್ಕು ಜಾಗದ ಲೈಪೋ, ಎರಡು ಬಗೆಯ ಅರಿವಳಿಕೆ: ನನ್ನ ಅನುಭವ

"ಎಷ್ಟು ಜಾಗ?" ಎಂದು ಅರಿವಳಿಕೆ ಡಾಕ್ಟರು ಕೇಳಿದರು. ನಾನು ಹೋಗಿದ್ದು ಲೈಪೋಗೆ, ಅಂದರೆ ಚರ್ಮದ ಕೆಳಗಿನ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಸಿಕೊಳ್ಳಲು. ಹೊಟ್ಟೆ, ಸೊಂಟದ ಎರಡು ಪಕ್ಕ, ತೊಡೆಯ ಹೊರಭಾಗ, ತೋಳು ಎಂದೆ. "ತೂಕ?" 64 ಕೆಜಿ. ಅವರು ಒಂದು ಚೀಟಿ ಎಳೆದುಕೊಂಡು 64ನ್ನು 35ರಿಂದ ಗುಣಿಸಿದರು. 2240 ಬಂತು. ಅದರ ಸುತ್ತ ಪೆನ್ನಿನಿಂದ ಸುತ್ತು ಹಾಕಿ, "ಲೋಕಲ್‌ನಲ್ಲಿ, ಅಂದರೆ ಎಚ್ಚರವಿದ್ದು ಆ ಜಾಗಕ್ಕಷ್ಟೇ ಜೋಮು ಹಿಡಿಸಿ ಮಾಡಿದರೆ, ನಿಮ್ಮ ಮೈಗೆ ಒಂದು ಸಲಕ್ಕೆ ನಾನು ಒಪ್ಪುವ ಜೋಮಿನ ಔಷಧಿ ಲಿಡೊಕೇನ್ ಇಷ್ಟೇ, ಮಿಲಿಗ್ರಾಂ ಲೆಕ್ಕದಲ್ಲಿ. ನಾಲ್ಕೂ ಜಾಗ ಇದರೊಳಗೇ ಮುಗಿಯಬೇಕು" ಎಂದರು.

ಮುಗಿಯುವ ಹಾಗಿರಲಿಲ್ಲ. ಅದನ್ನೂ ಅವರೇ ಬರೆದು ತೋರಿಸಿದರು.

ಲೈಪೋಸಕ್ಷನ್ ಮಾಡುವ ಮೊದಲು ಚರ್ಮದ ಕೆಳಗಿನ ಕೊಬ್ಬಿಗೆ ಲೀಟರ್‌ಗಟ್ಟಲೆ ಸಲೈನ್ ತುಂಬುತ್ತಾರೆ. ಅದರಲ್ಲಿ ಜೋಮು ಹಿಡಿಸುವ ಲಿಡೊಕೇನ್ ಇರುತ್ತದೆ. ರಕ್ತನಾಳ ಕುಗ್ಗಿಸಲು ಒಂದು ಲೀಟರಿಗೆ ಸುಮಾರು 1 ಮಿಲಿಗ್ರಾಂ ಅಡ್ರಿನಲಿನ್, ಉರಿ ಕಡಿಮೆಯಾಗಲು ಸ್ವಲ್ಪ ಬೈಕಾರ್ಬೊನೇಟ್ ಸೇರಿಸುತ್ತಾರೆ. ಆ ಜಾಗ ಉಬ್ಬಿ ಗಟ್ಟಿಯಾಗುತ್ತದೆ. ಇದೇ ಟ್ಯೂಮಸೆಂಟ್ ವಿಧಾನ. 1985ರ ಹೊತ್ತಿಗೆ ಇದನ್ನು ರೂಪಿಸಿದವರು ಅಮೆರಿಕದ ಚರ್ಮದ ಡಾಕ್ಟರು ಜೆಫ್ರಿ ಕ್ಲೈನ್. ಇದು ಬರುವ ಮೊದಲು ತೆಗೆದ ಕೊಬ್ಬಿನ ಜೊತೆ ರಕ್ತವೂ ತುಂಬಾ ಹೋಗುತ್ತಿತ್ತು. ಈಗ ಹೊರಬರುವುದರಲ್ಲಿ ರಕ್ತ ಬಹಳ ಕಡಿಮೆ.

ಬೇರೆ ಕಡೆ ಅಡ್ರಿನಲಿನ್ ಜೊತೆ ಲಿಡೊಕೇನ್ ಕೊಡುವಾಗ ಒಂದು ಕೆಜಿ ತೂಕಕ್ಕೆ 7 ಮಿಲಿಗ್ರಾಂ ಮಿತಿ. ಇಲ್ಲಿ 35 ಹೇಗೆ ಎಂದು ನಾನು ಕೇಳಿಯೇಬಿಟ್ಟೆ. ತುಂಬಾ ತೆಳುವಾಗಿ ಬೆರೆಸಿರುತ್ತೇವೆ, ಕೊಬ್ಬಿನಲ್ಲಿ ರಕ್ತದ ಓಡಾಟ ಕಡಿಮೆ, ಇದ್ದ ನಾಳಗಳನ್ನೂ ಅಡ್ರಿನಲಿನ್ ಕುಗ್ಗಿಸುತ್ತದೆ, ಹಾಗಾಗಿ ಔಷಧಿ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ ಎಂದರು. ಕೆಲವರು 55ರವರೆಗೂ ಹೋಗುತ್ತಾರಂತೆ. ಇವರು 35 ದಾಟುವವರಲ್ಲ. ಅದು ನನಗೆ ಇಷ್ಟವಾಯಿತು.

ಒಂದು ಲೀಟರಿಗೆ 1 ಗ್ರಾಂ ಲಿಡೊಕೇನ್ ಹಾಕಿದರೆ 2240 ಮಿಲಿಗ್ರಾಂ ಅಂದರೆ ಎರಡೂ ಕಾಲು ಲೀಟರ್ ನೀರು ಅಷ್ಟೇ. ನನ್ನ ಹೊಟ್ಟೆಗೇ ಒಂದೂವರೆ ಲೀಟರ್ ಬೇಕಿತ್ತು. ಸೊಂಟದ ಪಕ್ಕಗಳಿಗೆ ಇನ್ನೊಂದು ಲೀಟರ್. ಅಲ್ಲಿಗೇ ಲೆಕ್ಕ ದಾಟಿತು. ತೊಡೆ, ತೋಳು ಇನ್ನೂ ಬಾಕಿ. ಔಷಧಿಯನ್ನು ಅರ್ಧಕ್ಕೆ ಇಳಿಸಿದರೆ ನಾಲ್ಕೂವರೆ ಲೀಟರ್ ಸಿಗುತ್ತದೆ, ಆದರೆ ಜೋಮು ಅಷ್ಟು ಚೆನ್ನಾಗಿ ಹಿಡಿಯದು. ಎಚ್ಚರವಿರುವವರಿಗೆ ನೋವು ಗೊತ್ತಾಗುತ್ತದೆ.

ಇದಕ್ಕೂ ಮೊದಲು ನಾನು ಇನ್ನೊಂದು ಕಡೆ ಕೇಳಿಕೊಂಡು ಬಂದಿದ್ದೆ. ಅಲ್ಲಿ ನಾಲ್ಕೂ ಜಾಗ ಒಂದೇ ಸಲ, ಲೋಕಲ್‌ನಲ್ಲೇ, ಸಂಜೆಗೆ ಮನೆಗೆ ಎಂದಿದ್ದರು. ಅರಿವಳಿಕೆ ಯಾರು ಕೊಡುತ್ತಾರೆ ಎಂದು ಕೇಳಿದರೆ "ಅದೆಲ್ಲ ಸರ್ಜನ್ನೇ ನೋಡಿಕೊಳ್ತಾರೆ, ನೀವು ಟೆನ್ಶನ್ ತಗೋಬೇಡಿ" ಎಂಬ ಉತ್ತರ. ನನ್ನ ತೂಕವನ್ನು ಯಾರೂ ಕೇಳಲಿಲ್ಲ. ಆಗ ನನಗೂ ಅದು ದೊಡ್ಡ ವಿಷಯ ಅನ್ನಿಸಿರಲಿಲ್ಲ. ಈ ಚೀಟಿ ನೋಡಿದ ಮೇಲೆ ಮೈ ಜುಮ್ಮೆಂದಿತು.

ಉಳಿದ ದಾರಿಗಳನ್ನೂ ಮಾತಾಡಿದೆವು. ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಹೊಟ್ಟೆ, ತೊಡೆ ಆಗುತ್ತದೆ, ತೋಳು ಆಗುವುದಿಲ್ಲ. ಅದರ ಮೇಲೆ ಬಿಪಿ ಇಳಿಯುತ್ತದೆ. ಅದನ್ನು ಏರಿಸಲು ಡ್ರಿಪ್ ಜಾಸ್ತಿ ಬಿಡಬೇಕಾಗುತ್ತದೆ. ಇತ್ತ ಲೈಪೋದ ನೀರೂ ಮೈಗೆ ಸೇರುತ್ತಿರುತ್ತದೆ. ಎರಡೂ ಕೂಡಿದರೆ ಶ್ವಾಸಕೋಶಕ್ಕೆ ಭಾರ. ಅದಕ್ಕೇ ಅವರು ಬೇಡ ಎಂದರು. ಲೋಕಲ್ ಜೊತೆ ಮಂಪರು ಔಷಧಿ ಕೊಡುವುದೂ ಇದೆ. ಆದರೆ ಮಂಪರು ಜಾಸ್ತಿಯಾದಷ್ಟೂ ಉಸಿರು ನಿಧಾನವಾಗುತ್ತದೆ, ಬೋರಲು ಮಲಗಿಸಿದಾಗ ಅದನ್ನು ಸಂಭಾಳಿಸುವುದು ಕಷ್ಟ. ಮೂರು ತಾಸಿನ ಕೆಲಸಕ್ಕೆ ಅದಕ್ಕಿಂತ ಪೂರ್ತಿ ಮಲಗಿಸಿ, ಗಂಟಲಿಗೆ ಟ್ಯೂಬ್ ಹಾಕಿ, ಉಸಿರನ್ನು ಮಷಿನ್‌ಗೆ ಒಪ್ಪಿಸುವುದೇ ವಾಸಿ ಎಂದರು. ಕೊನೆಗೆ ಎರಡು ಸಲ ಎಂದು ನಿರ್ಧಾರವಾಯಿತು. ಮೊದಲು ಹೊಟ್ಟೆ, ಸೊಂಟ, ತೊಡೆಗೆ ಹೀಗೆ ಪೂರ್ತಿ ಮಲಗಿಸುವ ಜನರಲ್. ನಾಲ್ಕು ತಿಂಗಳು ಬಿಟ್ಟು ತೋಳುಗಳಿಗೆ ಬರೀ ಲೋಕಲ್. ಖರ್ಚು, ರಜೆ ಎರಡೂ ಜಾಸ್ತಿಯಾಯಿತು. ನನಗೆ ಆ ಬಗ್ಗೆ ಬೇಜಾರಿಲ್ಲ.

ಜನರಲ್‌ಗೆ ಮುಂಚೆ ಆರು ತಾಸು ಊಟ ಇಲ್ಲ, ಬರೀ ನೀರು ಎರಡು ತಾಸು ಮುಂಚಿನವರೆಗೆ. ಬಸ್ಸಿನಲ್ಲಿ ವಾಂತಿಯಾಗುತ್ತದಾ ಎಂದು ಕೇಳಿದರು. ಹೌದು, ಚಿಕ್ಕಂದಿನಿಂದ. ಅಂಥವರಿಗೆ ಆಪರೇಷನ್ ಆದ ಮೇಲೂ ವಾಂತಿ ಜಾಸ್ತಿಯಂತೆ, ಅದರಲ್ಲೂ ಹೆಂಗಸರಿಗೆ, ಸಿಗರೇಟ್ ಸೇದದವರಿಗೆ. ಅದಕ್ಕೆ ಮೊದಲೇ ಔಷಧಿ ಕೊಟ್ಟರು. ಇಂಥ ಚಿಕ್ಕ ವಿಷಯವನ್ನೂ ಮುಚ್ಚಿಡದೆ ಹೇಳಬೇಕು.

ಬೆಳಿಗ್ಗೆ ನಿಂತ ಭಂಗಿಯಲ್ಲೇ ಮೈಮೇಲೆ ಪೆನ್ನಿನಿಂದ ಗುರುತು ಹಾಕಿದರು. ಮಲಗಿದರೆ ಕೊಬ್ಬು ಜಾರಿಬಿಡುತ್ತದೆ, ಎಲ್ಲಿ ಎಷ್ಟಿದೆ ಗೊತ್ತಾಗುವುದಿಲ್ಲ. ಕಾಲಿಗೆ ಗಾಳಿ ತುಂಬಿ ಬಿಡುವ ಪಟ್ಟಿ ಸುತ್ತಿದರು. ಲೈಪೋದಲ್ಲಿ ಜೀವಕ್ಕೆ ಬರುವ ದೊಡ್ಡ ಅಪಾಯಗಳಲ್ಲಿ ಒಂದು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು. ಆ ಪಟ್ಟಿ ಅದಕ್ಕಾಗಿ. ಓಟಿಯಲ್ಲಿ ಬಿಸಿಗಾಳಿಯ ಹೊದಿಕೆ ಇತ್ತು, ತುಂಬುವ ನೀರನ್ನೂ ಬೆಚ್ಚಗೆ ಮಾಡಿದ್ದರು. ಮೈಯ ಅರ್ಧ ಭಾಗ ತೆರೆದಿಟ್ಟು ತಣ್ಣನೆಯ ನೀರು ತುಂಬಿದರೆ ಮೈ ತಣ್ಣಗಾಗದೆ ಇರುತ್ತದಾ? ಮುಖಕ್ಕೆ ಮಾಸ್ಕ್ ಹಿಡಿದದ್ದು ನೆನಪಿದೆ. ಆಮೇಲೆ ಏನೂ ಇಲ್ಲ.

ಮೊದಲು ಬೋರಲು, ಆಮೇಲೆ ಅಂಗಾತ ಮಲಗಿಸಿದರಂತೆ. ತಿರುಗಿಸುವಾಗ ಟ್ಯೂಬ್ ಜರುಗದ ಹಾಗೆ, ಕಣ್ಣಿಗೆ ಒತ್ತಡ ಬೀಳದ ಹಾಗೆ ನೋಡಿಕೊಳ್ಳಲು ಅರಿವಳಿಕೆ ಡಾಕ್ಟರು ತಲೆಯ ಹತ್ತಿರವೇ ಇದ್ದರು. ನಾನು ನಿದ್ದೆಯಲ್ಲಿದ್ದರಿಂದ ನೀರಿನಲ್ಲಿ ಲಿಡೊಕೇನ್ ಕಡಿಮೆ ಹಾಕಿದರೂ ನಡೆಯಿತು. ಒಟ್ಟು 3.8 ಲೀಟರ್ ಹೊರತೆಗೆದರು. ಅದರಲ್ಲಿ ನೀರೂ ಸೇರಿದೆ, ಎಲ್ಲ ಕೊಬ್ಬಲ್ಲ. 5 ಲೀಟರ್ ದಾಟಿದರೆ ಅದನ್ನು ದೊಡ್ಡ ಪ್ರಮಾಣದ ಲೈಪೋ ಎಂದು ಲೆಕ್ಕ ಹಾಕುತ್ತಾರೆ, ರಾತ್ರಿಯಿಡೀ ಆಸ್ಪತ್ರೆಯಲ್ಲಿಟ್ಟು ನೋಡಿಕೊಳ್ಳಬೇಕು. ನನಗೆ ಅಷ್ಟಾಗದಿದ್ದರೂ ಒಂದು ರಾತ್ರಿ ಇರಿಸಿಕೊಂಡರು.

ಎದ್ದಾಗ ಗಂಟಲು ಕೆರೆತ, ಮೈ ನಡುಕ. ಹೊಟ್ಟೆ ಸಾವಿರ ಸಲ ವ್ಯಾಯಾಮ ಮಾಡಿದ ಹಾಗೆ ನೋವು. ಸಣ್ಣ ತೂತುಗಳಿಂದ ತಿಳಿಗೆಂಪು ನೀರು ಎರಡು ದಿನ ಸೋರುತ್ತಲೇ ಇತ್ತು. ಹಾಸಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿಕೊಳ್ಳಿ ಎಂದು ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಅದೇ ಸಂಜೆ ಎಬ್ಬಿಸಿ ನಡೆಸಿದರು. ತೂಕ ಮಾತ್ರ ಮೂರನೇ ದಿನಕ್ಕೆ ಎರಡು ಕೆಜಿ ಏರಿತ್ತು. ಊತದ ನೀರು ಅದು. ತೂಕ ಇಳಿಸಲು ಇದನ್ನು ಮಾಡಿಸಿಕೊಳ್ಳುವವರು ಇಲ್ಲೇ ಸೋಲುತ್ತಾರೆ. ಇದು ಆಕಾರಕ್ಕೆ, ತೂಕಕ್ಕಲ್ಲ.

ಮೂರನೇ ದಿನವೇ ನಾನು ಬಿದ್ದಿದ್ದು. ಆಪರೇಷನ್ ಆದ ಮೇಲೆ ಮೈಗೆ ಒತ್ತಿ ಹಿಡಿಯಲು ತೊಡಿಸಿದ್ದ ಬಿಗಿ ಉಡುಪನ್ನು ಸ್ನಾನಕ್ಕೆಂದು ಮೊದಲ ಸಲ ಬಿಚ್ಚಬೇಕಿತ್ತು. ಪಕ್ಕದ ಜಿಪ್ ಎಳೆದು, ನಿಂತೇ ಕೆಳಗೆ ಜಾರಿಸಿದೆ. ಹೊಟ್ಟೆ ಹಗುರಾಯಿತು, ಹಾಯ್ ಅನ್ನಿಸಿತು. ಮರುಕ್ಷಣ ಬಚ್ಚಲ ಗೋಡೆಯ ಬಿಳಿ ಬಣ್ಣ ಹಳದಿಯಾಗಿ, ತಂಗಿಯ ಮಾತು ದೂರದಿಂದ ಕೇಳಿದ ಹಾಗಾಯಿತು. "ಅಕ್ಕಾ, ಕೂತ್ಕೋ, ಕೂತ್ಕೋ" ಎಂದು ಅವಳು ಕಂಕುಳಿಗೆ ಕೈ ಹಾಕಿ ಹಿಡಿದಿದ್ದರಿಂದ ತಲೆ ನಲ್ಲಿಗೆ ಬಡಿಯಲಿಲ್ಲ. ಫೋನ್ ಮಾಡಿದರೆ ನರ್ಸ್‌ಗೆ ಆಶ್ಚರ್ಯವೇ ಆಗಲಿಲ್ಲ. ಬಿಗಿ ಒಮ್ಮೆಲೇ ಸಡಿಲವಾದರೆ ಬಿಪಿ ಇಳಿಯುತ್ತದೆ, ತುಂಬಾ ಜನಕ್ಕೆ ಹೀಗಾಗುತ್ತದೆ ಎಂದರು. ಮೊದಲೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅಲ್ವಾ? ನೀವು ಹೀಗೆ ಮಾಡಿ: ಮೊದಲು ಏನಾದರೂ ತಿಂದು, ನೀರು ಕುಡಿಯಿರಿ. ಮಲಗಿಕೊಂಡೇ ಜಿಪ್ ಸ್ವಲ್ಪ ಸ್ವಲ್ಪ ಬಿಚ್ಚಿ, ಐದು ನಿಮಿಷ ಹಾಗೇ ಇರಿ. ಬಚ್ಚಲಲ್ಲಿ ಕೂರಲು ಸ್ಟೂಲ್ ಇರಲಿ. ಜೊತೆಗೆ ಒಬ್ಬರು ಇರಲೇಬೇಕು.

ತೋಳಿನ ಸರದಿ ಬರುವ ಹೊತ್ತಿಗೆ ನನಗೆ ಕೆಮ್ಮು ಹಿಡಿದಿತ್ತು. ಕ್ಲಾರಿಥ್ರೊಮೈಸಿನ್ ಮಾತ್ರೆ ನಡೆಯುತ್ತಿತ್ತು. ಫೋನಿನಲ್ಲಿ ಅರಿವಳಿಕೆ ಡಾಕ್ಟರಿಗೆ ಸುಮ್ನೆ ಹೇಳಿದೆ ಅಷ್ಟೇ. ಅವರು ದಿನಾಂಕವನ್ನೇ ಮುಂದೆ ಹಾಕಿದರು. ಲಿಡೊಕೇನನ್ನು ಒಡೆದು ಹಾಕುವುದು ಲಿವರ್. ಈ ಮಾತ್ರೆ ಆ ಕೆಲಸಕ್ಕೆ ಅಡ್ಡ ಬರುತ್ತದೆ, ಆಗ ಔಷಧಿ ರಕ್ತದಲ್ಲಿ ಏರುತ್ತಾ ಹೋಗಬಹುದು. ಎರಿಥ್ರೊಮೈಸಿನ್, ಫಂಗಸ್‌ಗೆ ಕೊಡುವ ಕೀಟೊಕೊನಜೋಲ್ ಕೂಡ ಹಾಗೆಯೇ. ನಾನು ಹೇಳದೇ ಇದ್ದಿದ್ದರೆ? ಈಗಲೂ ಯೋಚಿಸಿದರೆ ಭಯವಾಗುತ್ತದೆ.

ಎಚ್ಚರವಿದ್ದು ಮಾಡಿಸಿಕೊಳ್ಳುವುದು ಬೇರೆಯದೇ ಅನುಭವ. ಮೊದಲ ನಾಲ್ಕೈದು ಸೂಜಿ ಚುರುಕ್ಕೆನ್ನುತ್ತವೆ. ಆಮೇಲೆ ನೀರು ತುಂಬುವಾಗ ತೋಳು ಒಳಗಿನಿಂದ ಬಿಗಿಯುತ್ತಾ ಬರುತ್ತದೆ. ಬಾತುಕೊಂಡ ತೋಳು ನೋಡಿದರೆ ಯಾರದ್ದೋ ಅನ್ನಿಸುತ್ತದೆ. ಅರ್ಧ ತಾಸು ಕಾದರು. ಅಡ್ರಿನಲಿನ್ ಕೆಲಸ ಮಾಡಿ ಚರ್ಮ ಬೆಳ್ಳಗೆ ಬಿಳಿಚಿಕೊಂಡಿತು. ಅದು ಬರುವವರೆಗೆ ಶುರು ಮಾಡಲಿಲ್ಲ. ಕೊಳವೆ ಹಿಂದೆ ಮುಂದೆ ಓಡಾಡುವುದು ಗೊತ್ತಾಗುತ್ತದೆ, ನೋವಲ್ಲ, ಎಳೆತ. ಮೊಣಕೈ ಹತ್ತಿರ ಒಂದು ಕಡೆ ಮಾತ್ರ ಚುಚ್ಚಿತು. ಹೇಳಿದೆ. ತಕ್ಷಣ ನಿಲ್ಲಿಸಿ ಅಲ್ಲಿಗೆ ಇನ್ನಷ್ಟು ನೀರು ಬಿಟ್ಟರು. ಎಚ್ಚರವಿರುವುದರ ಲಾಭ ಇದೇ. ಒಟ್ಟು 1300 ಮಿಲಿಗ್ರಾಂ ಆಯಿತು ಎಂದು ಮುಗಿದ ಮೇಲೆ ಹೇಳಿದರು. 2240ರ ಒಳಗೆ ಆರಾಮಾಗಿ.

ಆದರೆ ಲೋಕಲ್ ಅಂದರೆ ಏನೂ ಇಲ್ಲ ಎಂದುಕೊಳ್ಳಬೇಡಿ. ಲಿಡೊಕೇನ್ ರಕ್ತದಲ್ಲಿ ಅತಿ ಹೆಚ್ಚಾಗುವುದು ಸುಮಾರು ಹನ್ನೆರಡು ತಾಸಿನ ನಂತರ. ಬೆಳಿಗ್ಗೆ ಹತ್ತಕ್ಕೆ ಮಾಡಿಸಿಕೊಂಡರೆ ರಾತ್ರಿ ಹತ್ತಕ್ಕೆ, ಅಂದರೆ ಡಾಕ್ಟರು ಹತ್ತಿರ ಇಲ್ಲದ ಹೊತ್ತಿಗೆ. ತಂಗಿ ಅಲಾರಾಂ ಇಟ್ಟುಕೊಂಡು ಎರಡು ತಾಸಿಗೊಮ್ಮೆ ಎಬ್ಬಿಸಿ ಕೇಳುತ್ತಿದ್ದಳು: "ಕಿವಿ ಗುಂಯ್ ಅಂತಿದೆಯಾ? ಬಾಯಿ ಸುತ್ತ ಜೋಮು? ನಾಲಿಗೆಯಲ್ಲಿ ಲೋಹದ ರುಚಿ? ನನ್ನ ಹೆಸರು ಹೇಳು ಅಕ್ಕಾ." ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಓಡಬೇಕು. ನನಗೆ ಏನೂ ಆಗಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಹೆಸರು ಕೇಳಿದಾಗ ಇಬ್ಬರೂ ನಕ್ಕೆವು.

ಬಿಗಿ ಉಡುಪನ್ನು ಆರು ವಾರ ಹಾಕಿದೆ. ಚರ್ಮ ನೀಲಿಗಟ್ಟಿದ ಕಲೆಗಳು ಮೂರು ವಾರಕ್ಕೆ ಮಾಯವಾದವು. ಗಂಟುಗಂಟಾದ ಗಟ್ಟಿತನ ಕರಗಲು ಮೂರು ತಿಂಗಳು. ಹೊಕ್ಕುಳಿನ ಬಲಕ್ಕೆ ಅಂಗೈಯಗಲ ಜಾಗದಲ್ಲಿ ಮಾತ್ರ ಸ್ಪರ್ಶವೇ ಇರಲಿಲ್ಲ. ಮುಟ್ಟಿದರೆ ಬಟ್ಟೆಯ ಮೇಲಿಂದ ಮುಟ್ಟಿದ ಹಾಗೆ. ಐದನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಸ್ನಾನದ ನೀರು ಅಲ್ಲಿ ಬಿದ್ದಾಗ ಬಿಸಿ ಗೊತ್ತಾಯಿತು. ತಂಬಿಗೆ ತುಂಬಿ ಇನ್ನೊಂದು ಸಲ ಅಲ್ಲಿಗೇ ಹೊಯ್ದುಕೊಂಡೆ.