ಎರಡು ಚೀಲ ನೋಡಿ ಎಲ್ಲವೂ ಸರಿ ಅಂದುಕೊಂಡಿದ್ದೆ

ತೀವ್ರ ಅಪೌಷ್ಟಿಕತೆಯಿಂದ ಬಳಲುವ ಮಕ್ಕಳಿಗೆ ಕೊಡುವ ಕಡಲೆಬೀಜದ ಪೇಸ್ಟ್ ತಯಾರಾಗುವ ಘಟಕದಲ್ಲಿ ಗುಣಮಟ್ಟ ನೋಡಿಕೊಳ್ಳುವುದು ನನ್ನ ಕೆಲಸ. ಕಡಲೆಬೀಜ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ವಿಟಮಿನ್ ಮತ್ತು ಖನಿಜಗಳ ಮಿಶ್ರಣ, ಇದರಲ್ಲಿರುವುದು ಇಷ್ಟೇ. 92 ಗ್ರಾಂ ಪೊಟ್ಟಣಕ್ಕೆ 500 ಕ್ಯಾಲರಿ. ಸೊರಗಿದ ಮಗು ವಾರಗಟ್ಟಲೆ ಹೆಚ್ಚುಕಮ್ಮಿ ಇದನ್ನೇ ತಿಂದು ಚೇತರಿಸಿಕೊಳ್ಳಬೇಕು. ಅದಕ್ಕೇ ಸಣ್ಣ ತಪ್ಪಿಗೂ ಇಲ್ಲಿ ಜಾಗ ಇಲ್ಲ.

ನನಗೆ ಪಾಠ ಕಲಿಸಿದ್ದು ಅಫ್ಲಾಟಾಕ್ಸಿನ್, ಅಂದರೆ ಬೀಜಕ್ಕೆ ಹಿಡಿಯುವ ಬೂಷ್ಟಿನ ವಿಷ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2007ರಲ್ಲಿ ಕೊಟ್ಟ ಜಂಟಿ ಹೇಳಿಕೆಯ ಪ್ರಕಾರ ಒಂದು ಕಿಲೋದಲ್ಲಿ ಇದು 5 ಮೈಕ್ರೋಗ್ರಾಂ ಮೀರಬಾರದು. ಶುರುವಿನಲ್ಲಿ ಎರಡು ಚೀಲದ ಬಾಯಿ ಬಿಚ್ಚಿ, ಮೇಲಿನಿಂದ ಒಂದೊಂದು ಹಿಡಿ ತೆಗೆದು ಪರೀಕ್ಷೆಗೆ ಕಳಿಸಿದೆ. ವರದಿ ಚೆನ್ನಾಗಿಯೇ ಬಂತು. ಹುರಿದು, ಅರೆದು, ಪೊಟ್ಟಣಕ್ಕೆ ತುಂಬಿ ಆದ ಮೇಲೆ ಪೇಸ್ಟ್ ಪರೀಕ್ಷಿಸಿದರೆ ವಿಷ ಮಿತಿಗಿಂತ ಜಾಸ್ತಿ! ಇಡೀ ಬ್ಯಾಚನ್ನು ನಾಶ ಮಾಡಿದೆವು, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ವಿಷ ಚೀಲದ ತುಂಬ ಸಮನಾಗಿ ಇರುವುದಿಲ್ಲ. ಸಾವಿರಾರು ಒಳ್ಳೆಯ ಬೀಜಗಳ ನಡುವೆ ಎಲ್ಲೋ ನಾಲ್ಕು ಕೆಟ್ಟ ಬೀಜ ಇರುತ್ತವೆ, ಅಷ್ಟೇ ಸಾಕು. ಹುರಿದರೆ ಬೂಷ್ಟು ಸಾಯುತ್ತದೆ, ಆದರೆ ವಿಷ ಪೂರ್ತಿ ಹೋಗುವುದಿಲ್ಲ. ಈಗ ಪ್ರತಿ ಚೀಲದ ಮೇಲೆ, ನಡು, ತಳದಿಂದ ಸ್ವಲ್ಪ ಸ್ವಲ್ಪ ತೆಗೆದು, ಎಲ್ಲವನ್ನೂ ಒಟ್ಟಿಗೆ ಅರೆದು, ಅದರಿಂದ ಸ್ಯಾಂಪಲ್ ಕಳಿಸುತ್ತೇನೆ. ಸುಕ್ಕುಗಟ್ಟಿದ, ಬಣ್ಣ ಕೆಟ್ಟ, ಒಡೆದ ಬೀಜಗಳನ್ನು ಕೈಯಲ್ಲೇ ಆರಿಸಿ ತೆಗೆಯುತ್ತೇವೆ. ನಿಧಾನದ ಕೆಲಸ ನಿಜ, ಆದರೆ ನಮ್ಮಲ್ಲಿ ಎಲ್ಲಕ್ಕಿಂತ ಮುಖ್ಯವಾದವರು ಮೇಜಿನ ಮುಂದೆ ಕೂತು ಬೀಜ ಆರಿಸುವವರೇ ಅಂತ ನಾನು ಹೇಳುತ್ತೇನೆ.

ಸಾಲ್ಮೊನೆಲ್ಲಾ, ಅಂದರೆ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ, ಅದರ ಕಥೆ ಬೇರೆ. ಅದು ಹುರಿದಾಗ ಸಾಯುತ್ತದೆ, ಆದರೆ ಆಮೇಲೆ ಸೇರಿಸುವ ಹಾಲಿನ ಪುಡಿಯನ್ನು ಯಾರೂ ಹುರಿಯುವುದಿಲ್ಲ ಅಲ್ವಾ? ಒಣ ಪೇಸ್ಟ್‌ನಲ್ಲಿ ಅದು ಬೆಳೆಯದಿದ್ದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಅದಕ್ಕೇ ಹಸಿ ಬೀಜದ ಕಡೆ ಓಡಾಡಿದ ಚಪ್ಪಲಿ ಕೂಡ ಹುರಿದ ಬೀಜದ ಕಡೆಗೆ ಬರುವಂತಿಲ್ಲ. ಯಂತ್ರಗಳನ್ನು ಒಣ ಬಟ್ಟೆಯಲ್ಲೇ ಒರೆಸುತ್ತೇವೆ, ನೀರು ಹಾಕಿ ತೊಳೆಯುವುದಿಲ್ಲ, ತೇವ ಸಿಕ್ಕರೆ ಅದು ಬೆಳೆಯುತ್ತದೆ.

ಖರ್ಚು ಉಳಿಸಲು ಹಾಲಿನ ಪುಡಿ ಕಡಿಮೆ ಮಾಡೋಣ ಎಂಬ ಮಾತು ಆಗಾಗ ಬರುತ್ತದೆ. ನಾನು ಒಪ್ಪುವುದಿಲ್ಲ. ಕಡಲೆಬೀಜದ ಪ್ರೋಟೀನ್‌ನಲ್ಲಿ ಲೈಸಿನ್ (ದೇಹಕ್ಕೆ ಬೇಕೇ ಬೇಕಾದ ಒಂದು ಅಮೈನೋ ಆಮ್ಲ) ಕಡಿಮೆ, ಅದನ್ನು ತುಂಬಿಕೊಡುವುದು ಹಾಲು. ಅದೇ 2007ರ ಹೇಳಿಕೆಯಲ್ಲೂ ಕನಿಷ್ಠ ಅರ್ಧ ಪ್ರೋಟೀನ್ ಹಾಲಿನದೇ ಇರಬೇಕು ಎಂದಿದೆ.