ಅಮ್ಮ ಲೆಸ್ಟರ್‌ನಲ್ಲಿ, ಮಗು ಕಿನ್ನಿಗೋಳಿಯಲ್ಲಿ: ಇಂಗ್ಲೆಂಡಿನ ಖಾಸಗಿ ಶಾಲೆಯ ಪ್ರವೇಶ ಪರೀಕ್ಷೆ

ಮಂಗಳೂರು, ಉಡುಪಿ ಕಡೆಯಿಂದ ಇಂಗ್ಲೆಂಡಿಗೆ, ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಕೆಲಸಕ್ಕೆ ಬಂದ ಎಷ್ಟೋ ನರ್ಸುಗಳ ಮಕ್ಕಳು ಇನ್ನೂ ಊರಲ್ಲೇ ಅಜ್ಜಿ ಜೊತೆ ಇದ್ದಾರೆ. ಕೊರೊನಾ ಬಂದು ವಿಮಾನ ನಿಂತಿತು, ಮಕ್ಕಳನ್ನು ಕರೆಸಿಕೊಳ್ಳುವುದು ಮುಂದಕ್ಕೆ ಹೋಯಿತು, ಅಷ್ಟರಲ್ಲಿ ಮಗುವಿಗೆ ಹತ್ತು ತುಂಬಿತು. ಈಗ 2021ರ ಅಕ್ಟೋಬರ್. ಮುಂದಿನ ಸೆಪ್ಟೆಂಬರಿಗೆ ಮಗುವನ್ನು ಇಲ್ಲಿನ ಖಾಸಗಿ ಶಾಲೆಗೆ ಸೇರಿಸಬೇಕು ಅನ್ನುವವರು ಈ ತಿಂಗಳು ಸುಮ್ನೆ ಕೂರುವ ಹಾಗಿಲ್ಲ.

ಮೊದಲು ವಯಸ್ಸಿನ ಲೆಕ್ಕ. ಇಲ್ಲಿ ಹೈಸ್ಕೂಲು ಶುರುವಾಗುವುದು ಇಯರ್ ಸೆವೆನ್‌ನಲ್ಲಿ. 2010ರ ಸೆಪ್ಟೆಂಬರ್ 1ರಿಂದ 2011ರ ಆಗಸ್ಟ್ 31ರ ಒಳಗೆ ಹುಟ್ಟಿದ ಮಕ್ಕಳು 2022ರ ಸೆಪ್ಟೆಂಬರಿನಲ್ಲಿ ಅಲ್ಲಿಗೆ ಹೋಗುತ್ತಾರೆ. ಊರಲ್ಲಿ ಐದನೇ ಕ್ಲಾಸೋ ಆರನೆಯದೋ ಅಂತ ಇವರು ಕೇಳುವುದಿಲ್ಲ, ಹುಟ್ಟಿದ ತಾರೀಕು ನೋಡುತ್ತಾರೆ.

ಖಾಸಗಿ ಶಾಲೆಯೇ ಬೇಕಾ ಅನ್ನುವುದು ಆಮೇಲಿನ ಪ್ರಶ್ನೆ. ನನ್ನ ಪ್ರಕಾರ ತುಂಬಾ ಜನರಿಗೆ ಬೇಡ. ಡೇ ಸ್ಕೂಲಿಗೆ ವರ್ಷಕ್ಕೆ ಸರಾಸರಿ 15,000 ಪೌಂಡ್ ಹತ್ತಿರ ಆಗುತ್ತದೆ. ಎನ್‌ಎಚ್‌ಎಸ್ ಸಂಬಳದ ಶ್ರೇಣಿಯಲ್ಲಿ ಬ್ಯಾಂಡ್ 5ರಲ್ಲಿ ಕೆಲಸ ಶುರು ಮಾಡುವ ನರ್ಸಿನ ಸಂಬಳ, ತೆರಿಗೆ ಕಳೆಯುವ ಮುಂಚೆ, 25,655 ಪೌಂಡ್. ಲೆಕ್ಕ ನೀವೇ ಹಾಕಿ ಮಾರಾಯ್ರೆ. ಸರ್ಕಾರಿ ಶಾಲೆಗೆ ಫೀಸಿಲ್ಲ, ನಿಮ್ಮ ವೀಸಾದಲ್ಲಿ ಬಂದ ಮಗುವಿಗೂ ಇಲ್ಲ. ಅದರ ಅರ್ಜಿಗೆ ಅಕ್ಟೋಬರ್ 31 ಕೊನೆಯ ದಿನ. ಮಗು ಇನ್ನೂ ಊರಲ್ಲಿದ್ದರೆ ನಿಮ್ಮ ವಿಳಾಸದ ಮೇಲೆ ಅರ್ಜಿ ತೆಗೆದುಕೊಳ್ಳುತ್ತಾರಾ ಅಂತ ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ಇವತ್ತೇ ಇಮೇಲ್ ಮಾಡಿ ಕೇಳಿ. ಆಗದಿದ್ದರೂ ಮಗು ಬಂದಿಳಿದ ಮೇಲೆ ವರ್ಷದ ಮಧ್ಯದಲ್ಲೂ ಅರ್ಜಿ ಹಾಕಬಹುದು. ಪರೀಕ್ಷೆ ಬರೆದು ಸೇರುವ ಸರ್ಕಾರಿ ಗ್ರಾಮರ್ ಶಾಲೆಗಳದ್ದು ಬೇರೆ ಕಥೆ. ಕಳೆದ ವರ್ಷ ಕೊರೊನಾದಿಂದಾಗಿ ಆಗ್ನೇಯ ಇಂಗ್ಲೆಂಡಿನ ಕೆಂಟ್‌ನ ಪರೀಕ್ಷೆ ಅಕ್ಟೋಬರಿಗೆ ಹೋಗಿತ್ತು. ಈ ವರ್ಷದ್ದು ಸೆಪ್ಟೆಂಬರಿನಲ್ಲೇ ಮುಗಿದಿದೆ.

ಇಷ್ಟಾದರೂ ಖಾಸಗಿಯೇ ಸರಿ ಅನ್ನುವವರಿಗೆ ಮುಂದಿನ ಮಾತು.

ಈ ಶಾಲೆಗಳಲ್ಲಿ ಇಯರ್ ಸೆವೆನ್‌ಗೆ ಸೇರಲು ಬರೆಯುವ ಇಲೆವೆನ್ ಪ್ಲಸ್ ಪರೀಕ್ಷೆ ಸಾಮಾನ್ಯವಾಗಿ ಜನವರಿಯಲ್ಲಿ, ಕೆಲವು ಕಡೆ ಅದಕ್ಕಿಂತ ಮುಂಚೆ. ಹೆಸರು ನೋಂದಾಯಿಸುವ ಕೊನೆಯ ದಿನ ಹೆಚ್ಚಿನ ಕಡೆ ಅಕ್ಟೋಬರ್, ನವೆಂಬರಿನಲ್ಲೇ ಬರುತ್ತದೆ. ನೋಂದಣಿಗೆ ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ. ಹಾಗಾಗಿ ಸಿಕ್ಕಸಿಕ್ಕ ಶಾಲೆಗೆಲ್ಲ ಹಾಕಬೇಡಿ, ಎರಡೋ ಮೂರೋ ಸಾಕು.

ಈ ವರ್ಷದ ಆರಂಭದಲ್ಲಿ ಏನಾಯಿತು ಅಂತ ನೆನಪಿಟ್ಟುಕೊಳ್ಳಿ. ಜನವರಿ 4ರ ರಾತ್ರಿ ಪ್ರಧಾನಿ ಬೋರಿಸ್ ಜಾನ್ಸನ್ ಟಿವಿಯಲ್ಲಿ ಬಂದು ಮತ್ತೆ ಲಾಕ್‌ಡೌನ್ ಅಂದರು. ಶಾಲೆಗಳು ಪೂರ್ತಿ ತೆರೆದದ್ದು ಮಾರ್ಚ್ 8ಕ್ಕೆ. ಸರಿಯಾಗಿ ಪರೀಕ್ಷೆಯ ಸಮಯ. ಎಷ್ಟೋ ಶಾಲೆಗಳು ಪರೀಕ್ಷೆಯನ್ನು ಮನೆಯಿಂದಲೇ ಕಂಪ್ಯೂಟರಿನಲ್ಲಿ ಬರೆಸಿದವು. ಕೆಲವು ಪರೀಕ್ಷೆಗೆ ತೂಕ ಕಡಿಮೆ ಮಾಡಿ ಝೂಮ್ ಸಂದರ್ಶನ, ಹಳೆ ಶಾಲೆಯ ವರದಿಗಳ ಮೇಲೆ ಸೀಟು ಕೊಟ್ಟವು. ಊರಲ್ಲಿರುವ ಮಕ್ಕಳಿಗೆ ಇದರಿಂದ ಒಂದು ಅನುಕೂಲವೇ ಆಯಿತು: ಕಿನ್ನಿಗೋಳಿಯಲ್ಲಿ ಕೂತೂ ಬರೆಯಬಹುದು. ಆದರೆ ಪ್ರತಿ ಶಾಲೆಯ ನಿಯಮ ಬೇರೆ. ಕೆಲವರು ಮಗುವಿನ ಈಗಿನ ಶಾಲೆಗೇ ಪ್ರಶ್ನೆಪತ್ರಿಕೆ ಕಳಿಸಿ ಟೀಚರ್ ಎದುರಲ್ಲಿ ಬರೆಸಿ ಅನ್ನುತ್ತಾರೆ. ಹೊರದೇಶದ ಮಕ್ಕಳಿಗೆ ಏನು ವ್ಯವಸ್ಥೆ ಅಂತ ಅಡ್ಮಿಷನ್ ಆಫೀಸಿಗೆ ಬರೆದು ಕೇಳಿ, ಉತ್ತರವನ್ನು ಇಮೇಲಿನಲ್ಲೇ ತರಿಸಿಕೊಳ್ಳಿ.

ಪ್ರಶ್ನೆಪತ್ರಿಕೆಗೆ ಅಷ್ಟು ಹೆದರಬೇಕಾಗಿಲ್ಲ. ಇಂಗ್ಲಿಷ್, ಗಣಿತ, ಅದರ ಜೊತೆ ರೀಸನಿಂಗ್. ಚಿತ್ರಗಳ ಸಾಲು ಕೊಟ್ಟು ಮುಂದಿನದು ಯಾವುದು, ಗುಂಪಿಗೆ ಸೇರದ್ದು ಯಾವುದು ಅಂತ ಕೇಳುತ್ತಾರೆ. ಮುಡಿಪು, ಚೇರ್ಕಾಡಿಯ ನವೋದಯಕ್ಕೆ ಸೇರಲು ಮಕ್ಕಳು ಬರೆಯುತ್ತಾರಲ್ಲ, ಅದರ ಮಾನಸಿಕ ಸಾಮರ್ಥ್ಯದ ಭಾಗ ಹೆಚ್ಚುಕಡಿಮೆ ಇದೇ ಜಾತಿಯದು. ಆ ಪುಸ್ತಕ ಊರಿನ ಅಂಗಡಿಯಲ್ಲೇ ಸಿಗುತ್ತದೆ. ಗಣಿತದಲ್ಲಿ ನಮ್ಮ ಮಕ್ಕಳು ಹಿಂದೆ ಬೀಳುವುದು ಕಡಿಮೆ. ಕಷ್ಟವಾಗುವುದು ಇಂಗ್ಲಿಷ್ ಪ್ರಬಂಧ. ಬಾಯಿಪಾಠ ಮಾಡಿದ 'ಮಳೆಗಾಲ' ಇಲ್ಲಿ ನಡೆಯುವುದಿಲ್ಲ, ಒಂದು ಚಿತ್ರ ಕೊಟ್ಟು ಕಥೆ ಬರಿ ಅನ್ನುತ್ತಾರೆ.

ಜಾಸ್ತಿ ತಲೆನೋವು ಕೊಡುವುದು ಹೆಡ್‌ಮಿಸ್ಟ್ರೆಸ್ ಬರೆಯಬೇಕಾದ ವರದಿ. ಇಂಗ್ಲೆಂಡಿನ ಶಾಲೆ ಅದರ ಫಾರಂ ಅನ್ನು ನೇರವಾಗಿ ಊರಿನ ಶಾಲೆಯ ಇಮೇಲಿಗೆ ಕಳಿಸುತ್ತದೆ. ನಿಮಗೆ ತೋರಿಸುವುದಿಲ್ಲ. ಆ ಇಮೇಲನ್ನು ಊರಲ್ಲಿ ಯಾರು ನೋಡುತ್ತಾರೆ? ಆಫೀಸಿನ ಕ್ಲರ್ಕ್, ಅದೂ ಪುರುಸೊತ್ತಾದಾಗ. ಮಗು ತಾನಾಗಿ ಓದುತ್ತದಾ, ಗೆಳೆಯರ ಜೊತೆ ಹೇಗಿರುತ್ತದೆ, ಯಾವುದರಲ್ಲಿ ಸಹಾಯ ಬೇಕು ಅಂತೆಲ್ಲ ಅದರಲ್ಲಿ ಕೇಳಿರುತ್ತಾರೆ. ನಮ್ಮ ಕಾನ್ವೆಂಟಿನ ಸಿಸ್ಟರ್‌ಗೆ ಟಿಸಿ ಮತ್ತು ನಡತೆ ಸರ್ಟಿಫಿಕೇಟ್ ಬರೆದು ಅಭ್ಯಾಸ. 'ನಡತೆ ಉತ್ತಮ' ಅಂತ ಒಂದೇ ಸಾಲು ಬರೆದು ಸೀಲು ಹೊಡೆದು ಕಳಿಸಿದರೆ ಇಲ್ಲಿನವರಿಗೆ ಅದು ಖಾಲಿ ಹಾಳೆಯೇ. ಹಾಗಾಗಿ ಅಜ್ಜಿಯನ್ನೋ ಚಿಕ್ಕಪ್ಪನನ್ನೋ ಶಾಲೆಗೆ ಕಳಿಸಿ. 'ಸಿಸ್ಟರ್, ಹೀಗೊಂದು ಇಮೇಲ್ ಬರುತ್ತದೆ, ಕ್ಲಾಸ್ ಟೀಚರನ್ನೂ ಕೇಳಿ ನಾಲ್ಕು ಮಾತು ವಿವರವಾಗಿ ಬರೆಯಿರಿ' ಅಂತ ಮುಂಚೆಯೇ ಹೇಳಿಸಿ. ಕರ್ನಾಟಕದಲ್ಲಿ ಈ ವರ್ಷ ಒಂದರಿಂದ ಒಂಬತ್ತನೇ ಕ್ಲಾಸಿನ ತನಕ ಪರೀಕ್ಷೆ ಇಲ್ಲದೆ ಪಾಸ್ ಮಾಡಿದ್ದಾರೆ, ಹಾಗಾಗಿ ಮಾರ್ಕ್ಸ್ ಕಾರ್ಡಿನಲ್ಲಿ ಹೇಳಿಕೊಳ್ಳುವಂಥದ್ದು ಇರುವುದಿಲ್ಲ. ಕೊರೊನಾಕ್ಕೆ ಮುಂಚಿನ ವರ್ಷದ್ದನ್ನೂ ಜೊತೆಗಿಟ್ಟು, ಕಾರಣ ಎರಡು ಸಾಲಿನಲ್ಲಿ ಬರೆದು ಕಳಿಸಿ.

ಇನ್ನು ಮನೆಯಿಂದ ಬರೆಯುವ ದಿನ. ಜನವರಿಯಲ್ಲಿ ಲಂಡನ್ ಒಂಬತ್ತು ಗಂಟೆ ಅಂದರೆ ಊರಲ್ಲಿ ಮಧ್ಯಾಹ್ನ ಎರಡೂವರೆ. ಹೊಟ್ಟೆ ತುಂಬ ಕುಚ್ಚಲಕ್ಕಿ ಅನ್ನ ಉಂಡ ಮಗು ತೂಕಡಿಸುವ ಹೊತ್ತು, ಊಟ ಬೇಗ ಕೊಡಿಸಿ. ಕರೆಂಟಿನ ವಿಷಯ ಗೊತ್ತೇ ಇದೆ. ಇನ್ವರ್ಟರ್ ಇದೆ ಅಂತ ನೆಮ್ಮದಿಯಾಗಿರಬೇಡಿ. ಹಳೆ ಮನೆಗಳಲ್ಲಿ ಇನ್ವರ್ಟರ್ ಲೈನು ಲೈಟು, ಫ್ಯಾನಿಗೆ ಮಾತ್ರ ಇರುತ್ತದೆ, ವೈಫೈ ಪೆಟ್ಟಿಗೆಯ ಪ್ಲಗ್ಗಿಗೆ ಇರುವುದಿಲ್ಲ. ಒಮ್ಮೆ ಮೇನ್ ಸ್ವಿಚ್ ಆಫ್ ಮಾಡಿಸಿ ನೋಡಿದರೆ ಗೊತ್ತಾಗುತ್ತದೆ. ಕೆಂಪುಕಲ್ಲಿನ ದಪ್ಪ ಗೋಡೆಯ ಒಳಕೋಣೆಗೆ ಮೊಬೈಲ್ ಸಿಗ್ನಲ್ಲೂ ಸರಿಯಾಗಿ ಬರುವುದಿಲ್ಲ, ಚಾವಡಿ ವಾಸಿ. ಲ್ಯಾಪ್‌ಟಾಪೇ ಬೇಕು, ಫೋನಿನಲ್ಲಿ ಆಗುವುದಿಲ್ಲ. ಕ್ಯಾಮೆರಾ ಪೂರ್ತಿ ಹೊತ್ತು ಆನ್ ಇರಬೇಕು. ಶುರುವಾಗುವ ಮುಂಚೆ ಕೋಣೆಯ ನಾಲ್ಕೂ ಮೂಲೆ ತೋರಿಸು ಅಂತ ಹೇಳುವವರೂ ಇದ್ದಾರೆ. ಮಗುವಿನ ಹತ್ತಿರ ಬೇರೆ ಯಾರೂ ಇರಬಾರದು. ಅಜ್ಜಿ ಪ್ರೀತಿಯಿಂದ ಬೆಲ್ಲದ ನೀರು ತಂದಿಟ್ಟರೂ ತೊಂದರೆ, ಇದನ್ನು ಅವರಿಗೆ ಬಿಡಿಸಿ ಹೇಳಿ.

ಸಂದರ್ಶನದಲ್ಲಿ ಮಗುವಿನ ಹಿಂದೆ ನಿಂತು ಪಿಸುಗುಟ್ಟುವ ಮಾವಂದಿರು ಕೆಲಸ ಕೆಡಿಸುತ್ತಾರೆ. ಕಲಿಸಿದ ಉತ್ತರ ಸಂದರ್ಶನ ಮಾಡುವವರಿಗೆ ತಕ್ಷಣ ಗೊತ್ತಾಗುತ್ತದೆ. ಹವ್ಯಾಸ ಏನು ಅಂದರೆ ಮಕ್ಕಳು 'ರೀಡಿಂಗ್' ಅಂತಾರೆ, ಈಗ ಯಾವ ಪುಸ್ತಕ ಓದ್ತಿದ್ದೀಯ ಅಂದರೆ ಬಾಯಿ ಬರುವುದಿಲ್ಲ. ಚೆಂಡೆ ಕಲಿಯುವ ಮಗು ಚೆಂಡೆಯ ಬಗ್ಗೆಯೇ ಮಾತಾಡಲಿ. ನನ್ನ ಸಹೋದ್ಯೋಗಿಯ ಮಗನಿಗೆ ಝೂಮ್‌ನಲ್ಲಿ ಒಂದು ಹಳೆ ಕಬ್ಬಿಣದ ಸಾಮಾನು ತೋರಿಸಿ ಇದೇನಿರಬಹುದು ಅಂತ ಕೇಳಿದರು. ಹುಡುಗನಿಗೆ ಗೊತ್ತಿಲ್ಲ. ಆದರೆ ಎದ್ದು ಹೋಗಿ ಅಡುಗೆಮನೆಯಿಂದ ಮೆಟ್ಟುಕತ್ತಿ ಎತ್ತಿಕೊಂಡು ಬಂದ. ಇದೂ ಹಾಗೇ ಬಗ್ಗಿದೆ, ಅಜ್ಜಿ ಇದರ ಮೇಲೆ ಕಾಲಿಟ್ಟು ಕೂತು ಮೀನು ಕೊಯ್ಯುತ್ತಾರೆ, ನಿಮ್ಮದನ್ನೂ ನೆಲಕ್ಕಿಟ್ಟು ಬಳಸುತ್ತಿದ್ದರೇನೋ ಅಂದ. ಅವರಿಗೆ ಬೇಕಾದದ್ದು ಇಂಥ ಯೋಚನೆ. ಸರಿಯುತ್ತರ ಅಲ್ಲ.

ಪರೀಕ್ಷೆಗೆಂದೇ ಟಿಕೆಟ್ ಮಾಡಬೇಡಿ. ಈ ವರ್ಷ ಏಪ್ರಿಲ್ 23ರಿಂದ ಆಗಸ್ಟ್ 8ರ ತನಕ ಭಾರತ ಬ್ರಿಟನ್ನಿನ ಪ್ರಯಾಣ ನಿರ್ಬಂಧದ ರೆಡ್ ಲಿಸ್ಟ್‌ನಲ್ಲಿತ್ತು. ಆಗ ಒಬ್ಬರೇ ಬಂದ ದೊಡ್ಡವರು ಹೋಟೆಲ್ ಕ್ವಾರಂಟೈನಿಗೆ 1,750 ಪೌಂಡ್ ತೆತ್ತರು. ಈಗ ಅಕ್ಟೋಬರ್ 11ರಿಂದ ಕೋವಿಶೀಲ್ಡ್ ಎರಡೂ ಡೋಸ್ ಆದವರಿಗೆ ಕ್ವಾರಂಟೈನ್ ಇಲ್ಲ, ಕೋವ್ಯಾಕ್ಸಿನ್ ಅನ್ನು ಇನ್ನೂ ಒಪ್ಪಿಲ್ಲ. ಮಗುವನ್ನು ಕರೆತರುವ ಅಜ್ಜಿಗೆ ಯಾವ ಲಸಿಕೆ ಆಗಿದೆ ಅಂತ ಮೊದಲು ವಿಚಾರಿಸಿ.

ದುಡ್ಡಿನ ಸಹಾಯ ಬೇಕಿದ್ದರೆ ಸ್ಕಾಲರ್‌ಶಿಪ್ ನಂಬಿಕೊಳ್ಳಬೇಡಿ. ಅದು ಹೆಸರಿಗೆ ದೊಡ್ಡದು, ಫೀಸಿನಲ್ಲಿ ಇಳಿಯುವುದು ಹೆಚ್ಚಾಗಿ ಸ್ವಲ್ಪವೇ. ಮನೆಯ ಆದಾಯ ನೋಡಿ ಕೊಡುವುದು ಬರ್ಸರಿ. ಅದಕ್ಕೆ ಬೇರೆ ಫಾರಂ, ಬೇರೆ ಕೊನೆಯ ದಿನ. ಊರಿನ ಮನೆ, ಜಾಗದ ವಿವರವನ್ನೂ ಕೇಳಬಹುದು.

ಸೀಟಿನ ಪತ್ರ ಫೆಬ್ರವರಿ ಹೊತ್ತಿಗೆ ಬರುತ್ತದೆ, ಸರ್ಕಾರಿ ಶಾಲೆಯದ್ದು ಮಾರ್ಚ್ 1ಕ್ಕೆ. ಎರಡನ್ನೂ ನೋಡಿಕೊಂಡು ತೀರ್ಮಾನ ಮಾಡಲು ಸಮಯ ಸಿಗುತ್ತದಾ ಅಂತ ಖಾಸಗಿ ಶಾಲೆಯನ್ನು ಕೇಳಿ. ಡೆಪಾಸಿಟ್ ಕಟ್ಟಿ ಸಹಿ ಹಾಕಿದ ಮೇಲೆ ಬೇಡ ಅಂದರೆ, ಎಷ್ಟೋ ಶಾಲೆಗಳಲ್ಲಿ ಡೆಪಾಸಿಟ್ ಹೋಗುವುದಲ್ಲದೆ ಒಂದು ಟರ್ಮಿನ ಪೂರ್ತಿ ಫೀಸನ್ನೂ ವಸೂಲಿ ಮಾಡುತ್ತಾರೆ. ಆ ಷರತ್ತು ಪತ್ರದ ಮೊದಲ ಪುಟದಲ್ಲಿ ಇರುವುದಿಲ್ಲ, ಹಿಂದಿನ ಸಣ್ಣ ಅಕ್ಷರಗಳಲ್ಲಿ ಹುಡುಕಿ.