ನೆರೆ ಪರಿಹಾರಕ್ಕೆ ಹೊರಡುವ ಮೊದಲು ಚರ್ಚ್ ಹಾಲ್‌ನಲ್ಲಿ ಕಲಿತದ್ದು

ನೆರೆ ಬಂತು ಅಂದರೆ ನಮ್ಮ ಚರ್ಚ್‌ನಲ್ಲಿ ಜನಕ್ಕೆ ಬರ ಇಲ್ಲ. ಭಾನುವಾರದ ಪೂಜೆಯ ಕೊನೆಗೆ ಫಾದರ್ ಒಂದು ಮಾತು ಹೇಳಿದರೆ ಸಾಕು, ಸಂಜೆಯೊಳಗೆ ಎಲ್ಲ ವಾಳೆಗಳಿಂದ (ಚರ್ಚಿಗೆ ಸೇರಿದ ಮನೆಗಳ ಗುಂಪುಗಳಿಂದ) ಅಕ್ಕಿ, ಬೆಡ್‌ಶೀಟ್, ಬಟ್ಟೆ ಬಂದು ಬೀಳುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲದಲ್ಲಿ ಗುಡ್ಡ ಜರಿದು ಮಡಿಕೇರಿ ರಸ್ತೆ ಕಡಿದುಹೋಯಿತು. ಅಲ್ಲಿನವರು ಸುಳ್ಯದ ಕಡೆಗೆ ಇಳಿದು ಸಂಪಾಜೆ, ಕಲ್ಲುಗುಂಡಿ, ಅರಂತೋಡಿನ ಪರಿಹಾರ ಕೇಂದ್ರಗಳಲ್ಲಿ ಇದ್ದಾಗಲೂ ಹಾಗೇ ಆಯಿತು. ಬಂದ ಬಟ್ಟೆ ವಿಂಗಡಿಸುವುದಕ್ಕೇ ಹತ್ತಾರು ಜನ ಕೂತರು. ಜರಿ ಸೀರೆ ಇತ್ತು, ಗುಂಡಿ ಕಿತ್ತ ಅಂಗಿ ಇತ್ತು, ಒಂಟಿ ಚಪ್ಪಲಿಯೂ ಇತ್ತು. ಕೇಂದ್ರದಲ್ಲಿದ್ದ ಹೆಂಗಸರಿಗೆ ಬೇಕಾಗಿದ್ದದ್ದು ನೈಟಿ, ಒಳಉಡುಪು, ಪ್ಯಾಡು, ಕೊಡೆ. ಅದನ್ನು ಯಾರೂ ಕೇಳಿರಲಿಲ್ಲ.

ಆ ಮಳೆಗಾಲ ಕಳೆದ ಮೇಲೆ ಧರ್ಮಪ್ರಾಂತ್ಯದ (ಒಬ್ಬ ಬಿಷಪರ ಕೆಳಗಿನ ಎಲ್ಲ ಚರ್ಚ್‌ಗಳ) ಮಟ್ಟದಲ್ಲಿ ಸ್ವಯಂಸೇವಕರಿಗೆ ತರಬೇತಿ ಇಟ್ಟರು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಹಗ್ಗ ಹಿಡಿದು ನದಿ ದಾಟುವ ವಯಸ್ಸಲ್ಲ. ಆದರೂ ಹೆಸರು ಕೊಟ್ಟೆ. ಹಗ್ಗ, ದೋಣಿ ಎಲ್ಲ ಅಗ್ನಿಶಾಮಕ ದಳ ಮತ್ತು ಎನ್‌ಡಿಆರ್‌ಎಫ್ ಕೆಲಸ, ನೀವು ಅದರ ಹತ್ತಿರ ಹೋಗಬಾರದು ಎಂದು ಮೊದಲ ಗಂಟೆಯಲ್ಲೇ ಹೇಳಿಬಿಟ್ಟರು. ಮುಂದಿನ ಸಾಲಿನಲ್ಲಿದ್ದ ಯುವಕರ ಮುಖ ಸ್ವಲ್ಪ ಬಾಡಿತು.

ಆಮೇಲೆ ಕೈಗೆ ಒಂದು ಅಳತೆ ಟೇಪು ಕೊಟ್ಟು, ಈ ಹಾಲ್‌ನಲ್ಲಿ ಎಷ್ಟು ಜನರನ್ನು ಮಲಗಿಸಬಹುದು ಹೇಳಿ ಎಂದರು. ಇನ್ನೂರು ಎಂದ ಒಬ್ಬ. ಮದುವೆ ಊಟಕ್ಕೆ ಮುನ್ನೂರು ಎಲೆ ಹಾಕುವ ಹಾಲ್, ಇನ್ನೂರು ಹೆಚ್ಚೇನಲ್ಲ ಎಂದು ನನಗೂ ಅನಿಸಿತು. ಅಳೆದರೆ ಅರುವತ್ತು ಅಡಿ ಉದ್ದ, ಮೂವತ್ತು ಅಡಿ ಅಗಲ, ಅಂದರೆ ಸುಮಾರು 167 ಚದರ ಮೀಟರ್. ಪರಿಹಾರ ಕೆಲಸಕ್ಕಿರುವ ಸ್ಫಿಯರ್ ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಜಾಗ ಬೇಕು. ಭಾಗಿಸಿದರೆ 47 ಜನ! ಇನ್ನೂರು ಜನರನ್ನು ತುಂಬಿಸಿದರೆ ಕೆಮ್ಮು ಒಬ್ಬರಿಂದ ಒಬ್ಬರಿಗೆ ದಾಟುತ್ತದೆ, ಹೆಂಗಸರಿಗೆ ಬಟ್ಟೆ ಬದಲಿಸಲು ಮೂಲೆ ಸಿಗುವುದಿಲ್ಲ, ರಾತ್ರಿ ಎದ್ದವರು ಮಲಗಿದವರನ್ನು ತುಳಿದೇ ಹೋಗಬೇಕು. ಶೌಚಾಲಯ ಎಣಿಸಿದೆವು. ಇಪ್ಪತ್ತು ಜನಕ್ಕೊಂದು ಬೇಕು, ನಮ್ಮಲ್ಲಿದ್ದದ್ದು ಎರಡು. ನೀರು ಒಬ್ಬರಿಗೆ ದಿನಕ್ಕೆ 15 ಲೀಟರ್, ಕುಡಿಯಲು, ಅಡುಗೆಗೆ, ಮೈ ತೊಳೆಯಲು ಎಲ್ಲ ಸೇರಿ. ಇವು ನೆರೆಯ ಮೊದಲ ರಾತ್ರಿಯೇ ಸಿಗುವ ಸವಲತ್ತುಗಳಲ್ಲ. ಆದರೆ ಎಷ್ಟು ಕೊರತೆ ಇದೆ ಎಂದು ತಹಶೀಲ್ದಾರರಿಗೆ ಅಂಕಿ ಹಿಡಿದು ಹೇಳುವುದಕ್ಕೂ ‘ತುಂಬಾ ಕಷ್ಟ ಇದೆ ಸಾರ್’ ಎನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ.

ಪಟ್ಟಿ ಮಾಡುವ ಪಾಠ ಇನ್ನೊಂದು. ನೋಡಲು ಸುಲಭ, ಆದರೆ ಎಡವುವುದೆಲ್ಲ ಅಲ್ಲೇ. ರೇಷನ್ ಕಾರ್ಡ್ ನೋಡಿ ಹೆಸರು ಬರೆದರೆ ಕಾರ್ಡ್ ಇಲ್ಲದವರು ಬಿಟ್ಟುಹೋಗುತ್ತಾರೆ: ಬಾಡಿಗೆ ಮನೆಯವರು, ಎಸ್ಟೇಟಿನ ಲೈನ್ ಮನೆಗಳಲ್ಲಿರುವ ಅಸ್ಸಾಂ, ಜಾರ್ಖಂಡ್ ಕಡೆಯ ಕೂಲಿಯವರು, ರಬ್ಬರ್ ಟ್ಯಾಪಿಂಗಿಗೆ ಕೇರಳದಿಂದ ಬಂದವರು. ವಾಳೆಯ ಮುಖ್ಯಸ್ಥರಾದ ಗುರಿಕಾರರು ಕೊಟ್ಟ ಪಟ್ಟಿಯಲ್ಲಿ ನಮ್ಮ ಕ್ರೈಸ್ತ ಮನೆಗಳು ಮೊದಲು ಬಂದಿರುತ್ತವೆ. ಅದು ಬೇಕೆಂದು ಮಾಡಿದ್ದಲ್ಲ, ಅವರಿಗೆ ಗೊತ್ತಿರುವ ಮನೆಗಳೇ ಅವು. ಹಾಗಾಗಿ ಪಟ್ಟಿ ಬರೆಯಲು ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಳ್ಳಬೇಕು, ಆಕೆಗೆ ಎಲ್ಲ ಮನೆಯ ಬಾಗಿಲೂ ಗೊತ್ತು.

ಇಲ್ಲಿಂದ ಮಾತು ಧರ್ಮದ ಕಡೆಗೆ ಹೊರಳಿತು. ನಾನು ಕಾದಿದ್ದದ್ದೂ ಅದಕ್ಕೇ. ರೆಡ್ ಕ್ರಾಸ್ ಮತ್ತು ಪರಿಹಾರ ಸಂಸ್ಥೆಗಳು ಸೇರಿ 1994ರಲ್ಲಿ ಒಂದು ನೀತಿ ಸಂಹಿತೆ ಮಾಡಿವೆ. ಹತ್ತು ಸೂತ್ರಗಳು. ಜಾತಿ, ಮತ, ದೇಶ ನೋಡದೆ ಅಗತ್ಯ ನೋಡಿ ಮಾತ್ರ ನೆರವು ಕೊಡಬೇಕು ಎನ್ನುತ್ತದೆ ಎರಡನೆಯದು. ನೆರವನ್ನು ಯಾವುದೇ ರಾಜಕೀಯ ಅಥವಾ ಧಾರ್ಮಿಕ ನಿಲುವು ಹರಡಲು ಬಳಸಬಾರದು ಎನ್ನುತ್ತದೆ ಮೂರನೆಯದು. ಕಾರಿತಾಸ್‌ನಂಥ ಚರ್ಚ್ ಸಂಸ್ಥೆಗಳೂ ಇದಕ್ಕೆ ಒಪ್ಪಿದವೇ. ಅಕ್ಕಿ ಚೀಲದಲ್ಲಿ ಸಂತ ಅಂತೋನಿಯವರ ಒಂದು ಚಿತ್ರ ಇಟ್ಟರೆ ಏನು ತಪ್ಪು ಎಂದು ಒಬ್ಬ ಹಿರಿಯರು ಕೇಳಿದರು. ತರಬೇತುದಾರರು ತಿರುಗಿ ಕೇಳಿದರು, “ಅಂಕಲ್, ನಿಮ್ಮ ಮನೆ ಮುಳುಗಿ ನೀವು ಕ್ಯೂನಲ್ಲಿ ನಿಂತಿರುವಾಗ ಬೇರೆ ಧರ್ಮದವರು ಅವರ ಚಿತ್ರ ಇಟ್ಟು ಅಕ್ಕಿ ಕೊಟ್ಟರೆ, ಬೇಡ ಅನ್ನುವ ಧೈರ್ಯ ನಿಮಗೆ ಇರುತ್ತದಾ?” ಹಸಿದವನಿಗೆ ಬೇಡ ಎನ್ನುವ ಸ್ವಾತಂತ್ರ್ಯ ಇಲ್ಲದಾಗ ಕೊಡುವವನು ಏನನ್ನೂ ಸೇರಿಸಿ ಕೊಡಬಾರದು. ನನಗೆ ಇದು ಸುವಾರ್ತೆಗೆ, ಅಂದರೆ ಯೇಸುವಿನ ಬೋಧನೆಗೆ, ವಿರುದ್ಧ ಅನಿಸಲಿಲ್ಲ. ಯೇಸು ಹೇಳಿದ ಒಳ್ಳೆಯ ಸಮಾರಿತನ ಕಥೆಯಲ್ಲಿ, ಬೇರೆ ಜನಾಂಗದವನಾದ ಸಮಾರಿತ ದಾರಿಯಲ್ಲಿ ಪೆಟ್ಟು ತಿಂದು ಬಿದ್ದಿದ್ದವನ ಗಾಯಕ್ಕೆ ಎಣ್ಣೆ ಹಾಕಿದ, ಛತ್ರದವನಿಗೆ ದುಡ್ಡು ಕೊಟ್ಟ, ಹೋದ. ಪ್ರವಚನ ಮಾಡಲಿಲ್ಲ.

ಯಾರಾದರೂ ಅವರಾಗಿಯೇ ನನಗಾಗಿ ಪ್ರಾರ್ಥನೆ ಮಾಡಿ ಎಂದು ಕೇಳಿದರೆ? ಮಾಡಿ, ಆದರೆ ಸಾಮಾನು ಹಂಚುವ ಜಾಗದಲ್ಲಿ ಬೇಡ, ಹಂಚುವ ಹೊತ್ತಿನಲ್ಲೂ ಬೇಡ.

ಮಾನಸಿಕ ಪ್ರಥಮ ಚಿಕಿತ್ಸೆಯ ಪಾಠದಲ್ಲಿ ನಾವು ಕ್ರೈಸ್ತರು ಹೆಚ್ಚು ಒದ್ದಾಡಿದೆವು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕ್ರಮ ಇಷ್ಟೇ: ನೋಡು, ಕೇಳು, ಬೇಕಾದ ಸೇವೆಗೆ ಜೋಡಿಸು. ಜೋಡಿಯಾಗಿ ಕೂತು ಒಬ್ಬರು ಮನೆ ಕಳೆದುಕೊಂಡವರ ಪಾತ್ರ ಮಾಡಬೇಕಿತ್ತು. ಎರಡು ನಿಮಿಷ ಆಗುವಷ್ಟರಲ್ಲಿ ನಮ್ಮಲ್ಲಿ ಹೆಚ್ಚಿನವರ ಬಾಯಿಂದ ‘ಎಲ್ಲ ದೇವರ ಚಿತ್ತ’ ಎಂದೋ ‘ನಿಮಗಿಂತ ಕಷ್ಟ ಬಂದವರಿದ್ದಾರೆ’ ಎಂದೋ ಬಂದುಬಿಟ್ಟಿತು. ಎರಡನ್ನೂ ಹೇಳಬಾರದು. ಸುಮ್ಮನೆ ಹತ್ತಿರ ಕೂರಬೇಕು, ‘ಈಗ ಏನು ಬೇಕು’ ಎಂದು ಕೇಳಬೇಕು, ಹೇಳಲು ಇಷ್ಟ ಇಲ್ಲದವರನ್ನು ಕೆದಕಬಾರದು. ಮಕ್ಕಳ ಜೊತೆ ಒಬ್ಬರೇ ಇರಬಾರದು, ನೆರವು ತೆಗೆದುಕೊಳ್ಳುವವರ ಫೋಟೋ ತೆಗೆಯಬಾರದು ಎಂಬುದಕ್ಕೆಲ್ಲ ಸಹಿ ಹಾಕಿಸಿಕೊಂಡರು.

2019ರ ಆಗಸ್ಟ್‌ನಲ್ಲಿ ಕಲಿತದ್ದಕ್ಕೆ ಕೆಲಸ ಬಂತು. ಬೆಳ್ತಂಗಡಿ ತಾಲೂಕಿನಲ್ಲಿ ಘಟ್ಟದಿಂದ ಇಳಿದ ನೀರು ಸೇತುವೆ, ತೋಟ ಎಲ್ಲ ಒಡೆದು ಹೋಯಿತು. ಚಾರ್ಮಾಡಿ ಕಡೆಯ ಮನೆಗಳೊಳಗೆ ಮರಳು, ಮರದ ದಿಮ್ಮಿ. ಅಡಿಕೆ ತೋಟದಲ್ಲಿ ಗಿಡದ ಬುಡವೇ ಕಾಣಿಸುತ್ತಿರಲಿಲ್ಲ. ನೀರು ಇಳಿದು ತಾಲೂಕು ಕಚೇರಿಯವರು ಹೇಳಿದ ಮೇಲೆಯೇ ಹೋದೆವು, ಗಮ್‌ಬೂಟ್, ಕೈಗವಸು ಹಾಕಿಕೊಂಡು. ನೆರೆಯ ಕೆಸರಲ್ಲಿ ಬರಿಗಾಲಲ್ಲಿ ನಿಂತರೆ ಇಲಿ ಜ್ವರದ ಭಯ. ಅದಕ್ಕೆ ಮುಂಜಾಗ್ರತೆಯ ಮಾತ್ರೆಯನ್ನು ಡಾಕ್ಟರ್ ಹೇಳಿದಂತೆ ತೆಗೆದುಕೊಂಡಿದ್ದೆವು.

ಮರಳು ಹೊರುವುದಕ್ಕೆ ಯುವಕರು ಬೇಕಾದಷ್ಟಿದ್ದರು. ನನ್ನ ಪಾಲಿಗೆ ಬಂದದ್ದು ಬಾವಿ. ಪಂಪಿನಿಂದ ಕೆಸರು ನೀರು ಖಾಲಿ ಮಾಡುವಾಗ ಡೀಸೆಲ್ ಪಂಪನ್ನು ಎಂದೂ ಬಾವಿಯೊಳಗೆ ಇಳಿಸಬಾರದು. ಉಸಿರಾಡುವ ಗಾಳಿ ಇದೆಯೇ ಎಂದು ಒಳಗೆ ದೀಪ ಇಳಿಸಿ ನೋಡುವ ರೂಢಿ ನಮ್ಮ ಕಡೆ ಇದೆ, ದೀಪ ಆರಿದರೆ ಯಾರೂ ಇಳಿಯುವುದಿಲ್ಲ. ಆದರೆ ಪಂಪಿನ ಹೊಗೆಯ ವಿಷ ಇದ್ದರೂ ದೀಪ ಉರಿಯುತ್ತಲೇ ಇರಬಹುದು. ಬಾವಿ ತೊಳೆದು ಹೊಸ ನೀರು ಬಂದ ಮೇಲೆ ಬ್ಲೀಚಿಂಗ್ ಪುಡಿ. ಸಾಮಾನ್ಯ ಲೆಕ್ಕ ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ಒಂದು ಮನೆಯ ಬಾವಿಗೆ ಮೂರು ಮೀಟರ್ ವ್ಯಾಸ, ಎರಡು ಮೀಟರ್ ನೀರು. ವ್ಯಾಸದ ವರ್ಗ, ಗುಣಿಸು ಆಳ, ಗುಣಿಸು 3.14, ಭಾಗಿಸು ನಾಲ್ಕು. ಹದಿನಾಲ್ಕು ಘನ ಮೀಟರ್, ಅಂದರೆ ಹದಿನಾಲ್ಕು ಸಾವಿರ ಲೀಟರ್, ಮೂವತ್ತೈದು ಗ್ರಾಂ ಪುಡಿ. ಪೊಟ್ಟಣ ನೋಡಿ ಮನೆಯ ಅಜ್ಜಿ ನಕ್ಕರು. “ಇಷ್ಟೇಯಾ ಅಮ್ಮ? ಆಚೆ ಮನೆಯವರು ಒಂದು ಕಿಲೋ ಹಾಕಿದ್ದಾರೆ.” ಆಚೆ ಮನೆಯವರು ವಾಸನೆಗೆ ಆ ನೀರು ಕುಡಿಯಲಾರದೆ ಈ ಬಾವಿಗೇ ಕೊಡಪಾನ ತರುತ್ತಿದ್ದರು.

ಪುಡಿಯನ್ನು ನೇರ ಸುರಿಯಬಾರದು. ಬಕೆಟ್‌ನಲ್ಲಿ ಸ್ವಲ್ಪ ನೀರಿಗೆ ಹಾಕಿ ದೋಸೆ ಹಿಟ್ಟಿನ ಹಾಗೆ ಕಲಸಿ, ಆಮೇಲೆ ನೀರು ತುಂಬಿಸಿ ಹತ್ತು ನಿಮಿಷ ಬಿಡಬೇಕು. ಸುಣ್ಣ ಅಡಿಗಿಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಯೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸಬೇಕು. ಒಂದು ಗಂಟೆ ಯಾರೂ ನೀರು ಸೇದಬಾರದು. ಆಮೇಲೆ ಪರೀಕ್ಷೆಯ ನಳಿಕೆಯಲ್ಲಿ ನೀರು ಹಿಡಿದು ಆರ್ಥೋಟಾಲಿಡಿನ್ ಹನಿ ಹಾಕಿದರೆ ಹಳದಿ ಬರಬೇಕು, ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ಉಳಿದಿದೆ ಎಂದು ಬಣ್ಣದ ಪಟ್ಟಿ ತೋರಿಸಬೇಕು. ನಮ್ಮದರಲ್ಲಿ ಮೊದಲ ಸಲ ಬಣ್ಣವೇ ಬರಲಿಲ್ಲ. ನೆರೆಯ ನಂತರದ ಕದಡಿದ ನೀರು ಕ್ಲೋರಿನ್ ನುಂಗಿಬಿಡುತ್ತದೆ, ಲೆಕ್ಕ ಅಲ್ಲಿಗೆ ಸಾಲುವುದಿಲ್ಲ, ಇನ್ನಷ್ಟು ಹಾಕಬೇಕು. ಎರಡನೆಯ ಸಲ ತೆಳು ಹಳದಿ ಬಂತು. ಅಜ್ಜಿ ನಳಿಕೆ ಕೇಳಿ ಪಡೆದು ಬೆಳಕಿಗೆ ಹಿಡಿದು ನೋಡಿದರು, ಆಮೇಲೆ ಆಚೆ ಮನೆಯವರನ್ನೂ ಕರೆದು ತೋರಿಸಿದರು. ನೀವು ಯಾವ ಸಂಘದವರು ಎಂದು ಕೇಳಿದರು. ಚರ್ಚಿನವರು ಎಂದೆ. ಹೌದಾ ಎಂದು ಬೆಲ್ಲ ನೀರು ತಂದರು.

ಈ ತರಬೇತಿ ಕಡಿಮೆ ಬೀಳುವುದು ಎಲ್ಲಿ ಎಂದೂ ಹೇಳಬೇಕು. ಬರುವವರು ನನ್ನಂಥ ಮೇಷ್ಟ್ರುಗಳು, ಬ್ಯಾಂಕಿನವರು, ಕಾಲೇಜು ಮಕ್ಕಳು. ನೆರೆಯ ಮರುದಿನ ನಿಜವಾಗಿ ಬೇಕಾಗುವುದು ಪಂಪ್ ಬಿಚ್ಚಿ ಜೋಡಿಸಬಲ್ಲವರು, ಬಾವಿಗೆ ಇಳಿದು ಅಭ್ಯಾಸ ಇರುವವರು, ಎಲೆಕ್ಟ್ರಿಷಿಯನ್, ಗಾರೆಯವರು. ಶನಿವಾರ ಇಡೀ ದಿನ ಕ್ಲಾಸ್ ಇಟ್ಟರೆ ಅವರು ಒಂದು ದಿನದ ಸಂಬಳ ಬಿಟ್ಟು ಬರಬೇಕು, ಯಾರು ಬರುತ್ತಾರೆ? ಈಗ ನಮ್ಮ ಚರ್ಚಿನಲ್ಲಿ ಭಾನುವಾರ ಮಧ್ಯಾಹ್ನ, ಎರಡೆರಡು ಗಂಟೆಯ ಹಾಗೆ ಒಡೆದು ಇಡುತ್ತೇವೆ. ಕಳೆದ ಸಲ ಒಬ್ಬ ಪ್ಲಂಬರ್, ಇಬ್ಬರು ಗಾರೆಯವರು ಬಂದರು. ಬಾವಿಯ ಪಾಠವನ್ನು ಅರ್ಧದಿಂದ ಆ ಪ್ಲಂಬರೇ ಮಾಡಿದ.